ಅಕ್ಕ ಅಲ್ಲಿದ್ದಾಳೆ

ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಠಾಣೆಯ ಮೆಟ್ಟಿಲು ಹತ್ತಿದ ಹೆಂಗಸು ದೂರು ಬರೆಸಿಕೊಂಡು ಬಂದಿರಲಿಲ್ಲ. ಗೋಡೆಯಿಂದ ಕಿತ್ತ ಒಂದು ಪೋಸ್ಟರನ್ನು ಸುರುಳಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಬಂದಿದ್ದಳು. ನೀರು ಹಾಕಿ ನೆನೆಸಿ ಎಬ್ಬಿಸಿದ್ದರಿಂದ ಅದರ ಹಿಂಭಾಗಕ್ಕೆ ಅಲ್ಲಲ್ಲಿ ಸುಣ್ಣದ ಚಕ್ಕೆಗಳು ಅಂಟಿಕೊಂಡಿದ್ದವು.

ಮುಂದಿನ ಮೇಜಿನಲ್ಲಿ ಹೆಡ್ ಕಾನ್‌ಸ್ಟೇಬಲ್ ಕೂತಿದ್ದ. ಒಮ್ಮೆ ಬಾಯಿ ತೆರೆದರೆ ಮುಚ್ಚುವುದು ಕಷ್ಟವಾದ್ದರಿಂದ ಠಾಣೆಯಲ್ಲಿ ಅವನಿಗೆ ರೇಡಿಯೋ ಎಂದೇ ಹೆಸರು. ಅವನು ಪೋಸ್ಟರ್ ನೋಡಿದ, ಹೆಂಗಸನ್ನು ನೋಡಿದ.

“ಸರ್ಕಾರಿ ಪೋಸ್ಟರ್ ಕೀಳೋದು ಅಪರಾಧ, ಗೊತ್ತಾ?”

“ಗೊತ್ತು. ದಂಡ ಹಾಕಿ. ಮೊದಲು ಇದನ್ನ ನೋಡಿ.”

ಅವಳು ಪೋಸ್ಟರನ್ನು ಮೇಜಿನ ಮೇಲೆ ಬಿಡಿಸಿದಳು. ಆ ಪೋಸ್ಟರ್ ರೇಡಿಯೋಗೆ ಚೆನ್ನಾಗಿ ಗೊತ್ತಿತ್ತು. ಗುರುವಾರ ರಾಜಧಾನಿಯಿಂದ ರಾಷ್ಟ್ರೀಯ ಮೌಲ್ಯಮಾಪನ ತಂಡ ಬರುವುದಿತ್ತು. ಮಾನವ ಕಳ್ಳಸಾಗಣೆ ತಡೆಯಲು ಇಲಾಖೆ ಏನು ಮಾಡಿದೆ, ಬಿಡಿಸಿಕೊಂಡು ಬಂದವರನ್ನು ಹೇಗೆ ನೋಡಿಕೊಂಡಿದೆ ಎಂದು ಆ ತಂಡ ಪರಿಶೀಲಿಸುತ್ತದೆ. ಅದರ ಸಲುವಾಗಿ ಎಲ್ಲ ಬಸ್ ನಿಲ್ದಾಣಗಳಲ್ಲೂ ಈ ಪೋಸ್ಟರ್ ಮೆತ್ತಿದ್ದರು. ‘ರಕ್ಷಿಸಿದೆವು, ಮನೆಗೆ ಸೇರಿಸಿದೆವು’ ಎಂಬ ದಪ್ಪಕ್ಷರದ ಕೆಳಗೆ ಇಬ್ಬರು ಹೆಂಗಸರು ತಬ್ಬಿಕೊಂಡು ನಿಂತ ಚಿತ್ರ. ಚಿಕ್ಕವಳು ಬಾಯಿ ತುಂಬ ನಗುತ್ತಿದ್ದಾಳೆ. ಹಿಂದೆ, ಸ್ವಲ್ಪ ಮಸುಕಾಗಿ, ಇದೇ ಠಾಣೆಯ ಇನ್ಸ್‌ಪೆಕ್ಟರ್ ಮೇಡಂ ಕೂಡ ನಗುತ್ತ ನಿಂತಿದ್ದಾರೆ.

“ಇವಳು ನನ್ನ ತಂಗಿ,” ಹೆಂಗಸು ಬೆರಳಿಟ್ಟಳು. “ಇವಳನ್ನ ತಬ್ಬಿಕೊಂಡಿರೋಳು ಯಾರು?”

“ಅವಳ ಅಕ್ಕ.”

“ಅಕ್ಕ ನಾನು.”

ರೇಡಿಯೋ ಎದ್ದು ಇನ್ಸ್‌ಪೆಕ್ಟರ್ ಕೋಣೆಯ ಬಾಗಿಲು ತಟ್ಟಿದ.

ಇನ್ಸ್‌ಪೆಕ್ಟರ್ ಅವಳನ್ನು ಕೂರಿಸಿ ನೀರು ಕೊಡಿಸಿದರು. ಅವಳು ನೀರು ಮುಟ್ಟಲಿಲ್ಲ. ವಯಸ್ಸು ಮೂವತ್ತರ ಆಚೀಚೆ. ಕೈ ಬೆರಳುಗಳ ತುದಿಗಳು ಫಿನಾಯಿಲಿಗೆ ಬಿಳಚಿಕೊಂಡಿದ್ದವು. ಎಡಗಿವಿಯ ಹಾಲೆ ಯಾವಾಗಲೋ ಹರಿದು ಎರಡು ಸೀಳಾಗಿತ್ತು.

“ಕೆಲಸ?”

“ಬಸ್ ಸ್ಟ್ಯಾಂಡ್ ಗುಡಿಸಿ ಒರೆಸೋದು. ನಮ್ಮೂರಲ್ಲಿ. ಗೋಡೆ ಒರೆಸ್ತಾ ಒರೆಸ್ತಾ ಇದು ಕಣ್ಣಿಗೆ ಬಿತ್ತು.”

“ತಂಗಿ ಹೇಗೆ ಕಾಣೆಯಾದಳು?”

“ಕಾಣೆಯಾಗಲಿಲ್ಲ. ನಾನೇ ಬಸ್ ಹತ್ತಿಸಿದೆ. ಬಟ್ಟೆ ಹೊಲಿಯೋ ಕೆಲಸ, ಇರೋಕೆ ಜಾಗ ಅಂತ ಒಬ್ಬ ಬಂದಿದ್ದ. ಬೇರೆ ಊರುಗಳಿಂದ ಇನ್ನೂ ನಾಲ್ಕೈದು ಹುಡುಗೀರು ಬರ್ತಾರೆ ಅಂದಿದ್ದ. ಇವಳಿಗೆ ಕಿವಿ ಕೇಳಲ್ಲ, ಮಾತು ಬರಲ್ಲ. ಸ್ಕೂಲಿಗೂ ಹೋಗಿಲ್ಲ. ಯಾರೂ ಕೆಲಸ ಕೊಡೋರಿಲ್ಲ, ಇವನಾದ್ರೂ ಕೊಡ್ತಾನಲ್ಲ ಅಂತ ಖುಷಿಪಟ್ಟೆ. ನನ್ನ ಬುದ್ಧಿಗೆ ಬೆಂಕಿ ಬೀಳ.”

“ದೂರು ಕೊಟ್ಟಿದ್ರಾ?”

“ಕೊಟ್ಟೆ. ಹೋಗಿ ಹೋಗಿ ಕೇಳಿದೆ. ಕೊನೆಕೊನೆಗೆ ನನ್ನ ನೋಡಿದ ಕೂಡಲೇ ಅಲ್ಲಿನ ಪೊಲೀಸರು ಎದ್ದು ಊಟಕ್ಕೆ ಹೋಗೋರು, ಬೆಳಿಗ್ಗೆ ಹತ್ತು ಗಂಟೆಗೂ.”

ಇನ್ಸ್‌ಪೆಕ್ಟರಿಗೆ ನಗು ಬರಲಿಲ್ಲ. ಆ ಹುಡುಗಿಯರನ್ನು ಹೆದ್ದಾರಿಯಲ್ಲಿ ಒಂದು ವ್ಯಾನು ತಡೆದು ಬಿಡಿಸಿದ್ದು ಅವರೇ. ಉಳಿದವರು ಬಾಯಿಬಿಟ್ಟು ಊರು ಹೇಳಿದರು, ಹೋದರು. ಕಿವಿ ಕೇಳದ ಹುಡುಗಿ ಮಾತ್ರ ರಕ್ಷಣಾ ಗೃಹದಲ್ಲಿ ಉಳಿದಳು. ಅವಳು ಬೇರೆ ದಿನ, ಬೇರೆ ನಿಲ್ದಾಣದಲ್ಲಿ ವ್ಯಾನು ಹತ್ತಿದವಳು. ಜೊತೆಯವರಿಗೂ ಅವಳ ಊರು ಗೊತ್ತಿರಲಿಲ್ಲ. ಒಂದು ಠಾಣೆಯಲ್ಲಿ ಕಾಣೆಯಾದವಳ ಫೋಟೋ, ಇನ್ನೊಂದರಲ್ಲಿ ಸಿಕ್ಕವಳ ಫೋಟೋ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವ ಕಷ್ಟವನ್ನು ಇಷ್ಟು ದೊಡ್ಡ ದೇಶದಲ್ಲಿ ಯಾರೂ ತೆಗೆದುಕೊಂಡಿರಲಿಲ್ಲ.

ಮನೆಯವರನ್ನು ಕೊನೆಗೆ ಪತ್ತೆಮಾಡಿದ್ದು ಸನ್ನೆ ಮೇಷ್ಟ್ರು. ಕಿವುಡ ಮಕ್ಕಳ ಶಾಲೆಯಲ್ಲಿ ಪಾಠ ಹೇಳುವವರು. ಠಾಣೆಗಾಗಲಿ ಕೋರ್ಟಿಗಾಗಲಿ ಸನ್ನೆ ಭಾಷೆ ಬೇಕಾದರೆ ಜಿಲ್ಲೆಗೆಲ್ಲ ಅವರೊಬ್ಬರೇ. ಹುಡುಗಿಯ ಜೊತೆ ಕೂತು, ಅವಳ ಮನೆ ಸನ್ನೆಗಳನ್ನು ಒಂದೊಂದೇ ಬಿಡಿಸಿ, ಊರು ಹುಡುಕಿ, ಅಕ್ಕನನ್ನು ಕರೆಸಿದರು. ಇಡೀ ಇಲಾಖೆ ಅವರನ್ನು ಹೊಗಳಿತ್ತು. ರೇಡಿಯೋ ಅಂತೂ ತನ್ನ ಊಟದ ಡಬ್ಬಿಯಲ್ಲಿ ಅವರಿಗೂ ಪಾಲು ತರುತ್ತಿದ್ದ.

ಇನ್ಸ್‌ಪೆಕ್ಟರ್ ದೊಡ್ಡ ಸಾಹೇಬರಿಗೆ ಫೋನ್ ಮಾಡಿದರು. ಅವರು ಎಲ್ಲ ಕೇಳಿಸಿಕೊಂಡು ನಿಟ್ಟುಸಿರು ಬಿಟ್ಟರು.

“ಗುರುವಾರ ತಂಡ ಬರ್ತಿದೆ. ಆ ಪೋಸ್ಟರ್ ಮೇಲೇ ನಮ್ಮ ಇಡೀ ವರದಿ ನಿಂತಿದೆ. ಗುರುವಾರದ ತನಕ ತಡೀರಿ.”

“ಅಲ್ಲಿ ತನಕ ಆ ಹುಡುಗಿ ಎಲ್ಲಿರ್ತಾಳೆ ಸರ್?”

“ಇಷ್ಟು ತಿಂಗಳು ಎಲ್ಲಿದ್ದಳೋ ಅಲ್ಲೇ.”

ಇನ್ಸ್‌ಪೆಕ್ಟರ್ ಫೋನ್ ಇಟ್ಟರು. ಈ ಮಾತು ಹೇಳುವಾಗ ಸಾಹೇಬರ ದನಿಯಲ್ಲಿ ಕೆಟ್ಟತನವೇನೂ ಇರಲಿಲ್ಲ, ಅದೇ ಇನ್ಸ್‌ಪೆಕ್ಟರನ್ನು ಹೆಚ್ಚು ಕೆರಳಿಸಿತು. ಹೊರಗೆ ಬಂದು ಎಫ್‌ಐಆರ್ ದಾಖಲಿಸಲು ಹೇಳಿದರು. ಆರೋಪಿಯ ಜಾಗದಲ್ಲಿ ಸದ್ಯಕ್ಕೆ ‘ಅಪರಿಚಿತ ಮಹಿಳೆ’ ಎಂದು ಬರೆಯಲಾಯಿತು.

ಮಧ್ಯಾಹ್ನದ ಹೊತ್ತಿಗೆ ಮೊದಲ ಗಂಟು ಬಿಚ್ಚಿತು. ಅಕ್ಕ ಎಂದು ಬಂದಿದ್ದವಳು ಕೊಟ್ಟ ವಿಳಾಸಕ್ಕೆ ಅಲ್ಲಿನ ಠಾಣೆಯಿಂದ ಒಬ್ಬರನ್ನು ಕಳಿಸಿದಾಗ ಅಲ್ಲಿ ಮನೆಯೇ ಇರಲಿಲ್ಲ, ಟೈರು ಸುಟ್ಟ ಖಾಲಿ ಜಾಗವಿತ್ತು. ಅವಳು ಕೊಟ್ಟ ನಂಬರು ಸತ್ತು ತಿಂಗಳುಗಳಾಗಿದ್ದವು. ಇನ್ನುಳಿದದ್ದು ಹಸ್ತಾಂತರದ ದಿನದ ವಿಡಿಯೋ. ಸಂತ್ರಸ್ತೆಯನ್ನು ಮನೆಯವರಿಗೆ ಒಪ್ಪಿಸುವ ಮೊದಲು ಅವಳೇ ಅವರನ್ನು ಗುರುತಿಸಬೇಕು, ಅದು ವಿಡಿಯೋ ಆಗಬೇಕು ಎಂಬುದು ನಿಯಮ. ನಿಯಮವನ್ನು ಕೂದಲೆಳೆಯಷ್ಟೂ ತಪ್ಪದೆ ಪಾಲಿಸಿದ್ದರು.

ಮೂವರೂ ಕಂಪ್ಯೂಟರಿನ ಮುಂದೆ ಕೂತರು. ಇನ್ಸ್‌ಪೆಕ್ಟರ್, ರೇಡಿಯೋ, ಅಕ್ಕ.

ತೆರೆಯ ಮೇಲೆ ರಕ್ಷಣಾ ಗೃಹದ ಕಚೇರಿ. ಒಂದು ಕಡೆ ಹುಡುಗಿ, ಎದುರಿಗೆ ಆ ಹೆಂಗಸು, ನಡುವೆ ಸ್ಟೂಲಿನ ಮೇಲೆ ಮೇಷ್ಟ್ರು. ಮೇಷ್ಟ್ರು ಹೆಂಗಸಿನ ಕಡೆ ಕೈ ತೋರಿಸಿ ಏನೋ ಕೇಳುತ್ತಾರೆ. ಹುಡುಗಿ ತನ್ನ ಎಡಗಿವಿಯ ಹಾಲೆ ಹಿಡಿದು ಎಳೆಯುತ್ತಾಳೆ. ಮತ್ತೆ ಎಳೆಯುತ್ತಾಳೆ. ಹೆಂಗಸಿನ ಕಿವಿಯ ಕಡೆ ಬೆರಳು ಮಾಡುತ್ತಾಳೆ, ಕೈ ಆಡಿಸುತ್ತಾಳೆ. ವಿಡಿಯೋದಲ್ಲಿ ಮೇಷ್ಟ್ರ ದನಿ ಸ್ಪಷ್ಟವಾಗಿ ಕೇಳುತ್ತದೆ: “ಹೌದು, ಇವಳೇ ನಮ್ಮಕ್ಕ ಅಂತಿದ್ದಾಳೆ. ಅಕ್ಕನ ಹಾಗೆ ತನಗೂ ಓಲೆ ಬೇಕಂತೆ.” ಕೋಣೆಯಲ್ಲಿದ್ದವರೆಲ್ಲ ನಗುತ್ತಾರೆ. ಇನ್ಸ್‌ಪೆಕ್ಟರ್ ಚೌಕಟ್ಟಿನೊಳಗೆ ಬಂದು, ತಮ್ಮ ಕಿವಿಯ ಓಲೆಗಳನ್ನೇ ಬಿಚ್ಚಿ ಹುಡುಗಿಯ ಅಂಗೈಯಲ್ಲಿ ಇಡುತ್ತಾರೆ. ಹುಡುಗಿ ಆ ಓಲೆಗಳನ್ನು ನೋಡಿ, ಇನ್ಸ್‌ಪೆಕ್ಟರ್ ಮುಖವನ್ನು ನೋಡಿ, ಮತ್ತೆ ಕಿವಿ ಎಳೆದುಕೊಳ್ಳುತ್ತಾಳೆ.

“ನಿಲ್ಸಿ,” ಎಂದಳು ಅಕ್ಕ.

ರೇಡಿಯೋ ನಿಲ್ಲಿಸಿದ.

“ಕಿವಿ ಎಳೆದ್ರೆ ನಾನು. ಅದೇ ನನ್ನ ಹೆಸರು. ಇವಳು ಮಗು ಆಗಿದ್ದಾಗ ನನ್ನ ಓಲೆ ಹಿಡಿದು ಎಳೆದು ಕಿವಿ ಹರಿದಳು, ಅವತ್ತಿಂದ ಹಾಗೇ ಕರೀತಾಳೆ. ‘ಇವಳ ಕಿವಿ ನೆಟ್ಟಗಿದೆ, ಇವಳು ನಮ್ಮಕ್ಕ ಅಲ್ಲ’ ಅಂತ ಹೇಳ್ತಿದ್ದಾಳೆ ನೋಡಿ. ಎಷ್ಟು ಸಲ ಹೇಳಿದ್ಲು! ನಿಮಗೂ ಹೇಳಿದ್ಲಲ್ಲ ಮೇಡಂ.”

ಇನ್ಸ್‌ಪೆಕ್ಟರ್ ತೆರೆಯ ಮೇಲಿನ ತಮ್ಮನ್ನೇ ನೋಡಿದರು. ಆ ಸಂಜೆ ಬರಿಗಿವಿಯಲ್ಲಿ ಮನೆಗೆ ಹೋಗಿ, ಗಂಡನಿಗೆ ಕತೆ ಹೇಳಿ, ಒಳ್ಳೆ ಕೆಲಸ ಮಾಡಿದೆನೆಂದು ನೆಮ್ಮದಿಯಿಂದ ಮಲಗಿದ್ದು ಅವರಿಗೆ ನೆನಪಿತ್ತು.

“ಮೇಷ್ಟ್ರು ತಪ್ಪು ತಿಳ್ಕೊಂಡಿರಬೇಕು,” ರೇಡಿಯೋ ಅವಸರದಿಂದ ಹೇಳಿದ. “ಮನೆ ಸನ್ನೆ ಅಲ್ವಾ? ಸ್ಕೂಲಿಗೆ ಹೋದ ಮಕ್ಕಳದ್ದಾದ್ರೆ ಬೇರೆ. ಅವರಿಗೆ ಹೇಗೆ ಗೊತ್ತಾಗುತ್ತೆ? ಅವರು ಅಂಥವರಲ್ಲ ಮೇಡಂ, ನಾನು ಹೇಳ್ತೀನಿ.”

“ಮುಂದೆ ಹಾಕಿ,” ಎಂದಳು ಅಕ್ಕ.

ತೆರೆಯ ಮೇಲೆ ಹುಡುಗಿ ಈಗ ಅಳುತ್ತಿದ್ದಳು. ಮೇಷ್ಟ್ರು ಸ್ಟೂಲನ್ನು ಅವಳ ಹತ್ತಿರಕ್ಕೆ ಎಳೆದುಕೊಂಡರು. ತಲೆ ಸವರಿದರು. ಆಮೇಲೆ ತಮ್ಮ ಎಡಗಿವಿಯ ಹಾಲೆಯನ್ನು ತಾವೇ ಮೆಲ್ಲಗೆ ಎಳೆದುಕೊಂಡು, ಬಾಗಿಲಿನ ಆಚೆ ದೂರಕ್ಕೆ ಬೆರಳು ತೋರಿಸಿದರು. ಹೆಂಗಸಿನ ಕಡೆ ಕೈ ಮಾಡಿದರು, ಎರಡು ಬೆರಳುಗಳನ್ನು ನಡೆಸಿದರು, ಮತ್ತೆ ಕಿವಿ ಎಳೆದುಕೊಂಡು ದೂರಕ್ಕೆ ತೋರಿಸಿದರು. ಹುಡುಗಿ ಅಳು ನಿಲ್ಲಿಸಿದಳು. ಅವರ ಮುಖವನ್ನೇ ನೋಡಿದಳು. ಆಮೇಲೆ ಅವಳ ಮುಖ ಅರಳಿತು. ಎದ್ದು ಹೋಗಿ ಆ ಹೆಂಗಸನ್ನು ತಬ್ಬಿಕೊಂಡಳು. ಫೋಟೋ ತೆಗೆದದ್ದು ಆಗಲೇ.

“ಏನಂದ್ರು?” ಇನ್ಸ್‌ಪೆಕ್ಟರ್ ಕೇಳಿದರು. ಕೇಳುವ ಅಗತ್ಯವಿರಲಿಲ್ಲ.

“‘ಅಕ್ಕ ಅಲ್ಲಿದ್ದಾಳೆ. ಇವಳ ಜೊತೆ ಹೋಗು. ಅಕ್ಕ ಅಲ್ಲಿದ್ದಾಳೆ.’” ಅಕ್ಕ ತೆರೆಯ ಮೇಲಿನ ಮೇಷ್ಟ್ರ ಕಡೆ ಬೆರಳು ಮಾಡಿದಳು. “ನನ್ನ ಹೆಸರು ಹೇಳೇ ಕಳಿಸಿದ್ದಾನೆ ಪಾಪಿ.”

ರೇಡಿಯೋ ಮೌಸಿನ ಮೇಲೆ ಕೈಯಿಟ್ಟವನು ಹಾಗೆಯೇ ಕೂತಿದ್ದ. ಹದಿನೈದು ವರ್ಷದ ಸ್ನೇಹ. ತನ್ನ ಕಣ್ಣೆದುರೇ, ತಾನು ಕ್ಯಾಮೆರಾ ಹಿಡಿದು ನಿಂತಿದ್ದ ಕೋಣೆಯಲ್ಲೇ, ಆ ಮನುಷ್ಯ ಎಲ್ಲರ ಕಣ್ಣಿಗೂ ಮಣ್ಣೆರಚಿದ್ದ. ಅದೂ ಮರೆಯಲ್ಲಲ್ಲ, ಟ್ಯೂಬ್‌ಲೈಟಿನ ಕೆಳಗೆ.

ಕೂಡಲೇ ಹೋಗಿ ಕೊರಳಪಟ್ಟಿ ಹಿಡಿಯಬೇಕೆಂದು ಇನ್ಸ್‌ಪೆಕ್ಟರಿಗೆ ಅನ್ನಿಸಿತು. ಹಿಡಿದರೆ ಹುಡುಗಿ ಇರುವ ಜಾಗದಿಂದ ಅವಳನ್ನು ಸಾಗಹಾಕಲು ಒಂದು ಫೋನು ಸಾಕು. ಅವರು ತಮ್ಮ ಕೋಪವನ್ನು ಮರುದಿನಕ್ಕೆ ಎತ್ತಿಟ್ಟರು.

ಮಂಗಳವಾರ ಬೆಳಿಗ್ಗೆ ಮೇಷ್ಟ್ರನ್ನು ಗುರುವಾರದ ಕಾರ್ಯಕ್ರಮದ ತಯಾರಿಯ ನೆಪದಲ್ಲಿ ಕರೆಸಲಾಯಿತು. ಅವರ ಫೋನಿನ ಮೇಲೆ ನಿಗಾ ಇಡಲು ಅನುಮತಿ ಅಷ್ಟರಲ್ಲಿ ಬಂದಿತ್ತು. ಮೇಷ್ಟ್ರು ಎಂದಿನಂತೆ ಇಸ್ತ್ರಿ ಮಾಡಿದ ತಿಳಿನೀಲಿ ಅಂಗಿಯಲ್ಲಿ ಬಂದರು, ಬಾಗಿಲ ಸೆಂಟ್ರಿಯಿಂದ ಹಿಡಿದು ಎಲ್ಲರಿಗೂ ನಮಸ್ಕಾರ ಹೇಳಿದರು, ರೇಡಿಯೋನ ಬೆನ್ನು ತಟ್ಟಿದರು. ಹುಷಾರಿಲ್ಲವೇ, ಯಾಕೆ ಇಷ್ಟು ಸಪ್ಪಗಿದ್ದೀಯ ಎಂದು ವಿಚಾರಿಸಿದರು. ಹಲ್ಲುನೋವು ಎಂದ ರೇಡಿಯೋ.

ಟೀ ಬಂತು. ಇನ್ಸ್‌ಪೆಕ್ಟರ್ ಅದೂ ಇದೂ ಮಾತಾಡಿ ವಿಷಯಕ್ಕೆ ಬಂದರು.

“ಆ ಹುಡುಗಿನ ಗುರುವಾರ ಇಲ್ಲಿಗೆ ಕರೆಸೋಣ ಅಂತಿದ್ದೀನಿ ಮೇಷ್ಟ್ರೇ. ತಂಡದವರು ನೋಡಬೇಕಂತೆ.”

ಮೇಷ್ಟ್ರು ಲೋಟ ಕೆಳಗಿಟ್ಟರು. “ತುಂಬಾ ದೂರ ಅಲ್ವಾ ಮೇಡಂ?”

“ಜೀಪ್ ಕಳಿಸ್ತೀವಿ.”

“ಹಳೇದೆಲ್ಲ ನೆನಪಾಗಿ ಹುಡುಗಿ ಹೆದರಿಕೊಳ್ತಾಳೇನೋ.”

“ನೀವಿರ್ತೀರಲ್ಲ. ನೀವು ಹೇಳಿದ್ರೆ ಕೇಳ್ತಾಳೆ.”

ಅವರು ಲೋಟವನ್ನು ದೂರ ಸರಿಸಿದರು. “ಸರಿ. ಅವಳಕ್ಕನಿಗೆ ನಾನೇ ಫೋನ್ ಮಾಡಿ ಕೇಳ್ತೀನಿ. ನೀವು ಯಾಕೆ ತೊಂದರೆ ತಗೋತೀರಿ.”

ಲೋಟದಲ್ಲಿ ಅರ್ಧ ಟೀ ಹಾಗೇ ಉಳಿದಿತ್ತು. ಮೇಷ್ಟ್ರು ಬೀದಿಯ ತಿರುವು ದಾಟುವ ಮೊದಲೇ ಒಂದು ನಂಬರಿಗೆ ಫೋನ್ ಮಾಡಿದರು. ಆ ನಂಬರಿನ ಟವರ್ ಎಲ್ಲಿದೆ ಎಂದು ಸಂಜೆಯ ಹೊತ್ತಿಗೆ ತಿಳಿಯಿತು. ದೂರದ ಯಾವುದೋ ಊರಲ್ಲಲ್ಲ. ಇದೇ ಠಾಣೆಯ ಸರಹದ್ದಿನ ಕೈಗಾರಿಕಾ ಬಡಾವಣೆ. ಗಸ್ತಿನ ಜೀಪು ದಿನಾ ಎರಡು ಸಲ ಹಾದುಹೋಗುವ ರಸ್ತೆ.

ಬುಧವಾರ ಬೆಳಿಗ್ಗೆ ರೇಡಿಯೋ ಲುಂಗಿ ಉಟ್ಟು, ಗುಜರಿಯವನ ಗಾಡಿ ತಳ್ಳಿಕೊಂಡು ಆ ರಸ್ತೆಯಲ್ಲಿ ಸುತ್ತಿದ. ಮೊಳೆ ಕಾರ್ಖಾನೆಯೊಂದರ ಹಿಂಬಾಗಿಲಿನಿಂದ ಒಬ್ಬ ಹೆಂಗಸು ಬಂದು ಪಾತ್ರೆ ತೊಳೆದ ನೀರು ಚೆಲ್ಲಿದಳು. ಪೋಸ್ಟರಿನಲ್ಲಿ ತಬ್ಬಿಕೊಂಡಿದ್ದ ಹೆಂಗಸು. “ಹಳೇ ಕಬ್ಬಿಣ ಇದ್ಯಾ ಅಕ್ಕಾ?” ಎಂದು ಕೇಳಿ, ಬೈಸಿಕೊಂಡು, ಗಾಡಿಯನ್ನು ಅಲ್ಲೇ ಬಿಟ್ಟು ಬಂದ.

ಹನ್ನೊಂದು ಗಂಟೆಗೆ ಕಾರ್ಮಿಕ ಇಲಾಖೆಯ ಅಧಿಕಾರಿಯನ್ನೂ ಇಬ್ಬರು ಪಂಚರನ್ನೂ ಕರೆದುಕೊಂಡು ಇನ್ಸ್‌ಪೆಕ್ಟರ್ ಕಾರ್ಖಾನೆಯ ಗೇಟು ತೆಗೆಸಿದರು. ಅಕ್ಕ ಜೀಪಿನಲ್ಲೇ ಇರಬೇಕೆಂದು ಹೇಳಿದ್ದರು. ಅವಳು ಇರಲಿಲ್ಲ, ಎಲ್ಲರಿಗಿಂತ ಮುಂದೆ ಹೋದಳು.

ಒಳಗೆ ಕಾಲಿಟ್ಟರೆ ತಲೆಯೊಳಗೆ ಸುತ್ತಿಗೆ ಬಿದ್ದ ಹಾಗೆ ಸದ್ದು. ಸುರುಳಿ ತಂತಿಯನ್ನು ಯಂತ್ರ ಎಳೆದುಕೊಳ್ಳುತ್ತದೆ, ಕತ್ತರಿಸುತ್ತದೆ, ತುದಿಗೆ ಗುದ್ದಿ ತಲೆ ಮೂಡಿಸುತ್ತದೆ. ಅಂಥ ಯಂತ್ರಗಳು ಎರಡು ಸಾಲು. ಮೂಲೆಯಲ್ಲಿ ಮರದ ಪುಡಿ ತುಂಬಿದ ಡ್ರಮ್ಮುಗಳಲ್ಲಿ ಮೊಳೆಗಳು ಗಲಗಲ ಉರುಳಿ ಹೊಳಪು ಪಡೆಯುತ್ತಿದ್ದವು. “ಪೊಲೀಸ್! ಎಲ್ಲಾ ನಿಲ್ಲಿಸಿ!” ಎಂದು ರೇಡಿಯೋ ಗಂಟಲು ಹರಿಯುವಂತೆ ಕೂಗಿದ. ಯಂತ್ರಗಳ ಮುಂದೆ ಕೂತವರಲ್ಲಿ ಒಬ್ಬರೂ ತಿರುಗಲಿಲ್ಲ. ಮೇಸ್ತ್ರಿ ಒಬ್ಬ ಮಾತ್ರ ಓಡಲು ನೋಡಿ ಸಿಕ್ಕಿಬಿದ್ದ. ಉಳಿದವರೆಲ್ಲರಿಗೂ ಕಿವಿ ಕೇಳುತ್ತಿರಲಿಲ್ಲ. ಮಾಲೀಕ ಯೋಚಿಸಿಯೇ ಅಂಥವರನ್ನು ಆರಿಸಿಕೊಂಡಿದ್ದ. ಈ ಸದ್ದಿನಲ್ಲಿ ಬೇರೆ ಯಾರೂ ಹೆಚ್ಚು ದಿನ ನಿಲ್ಲುವುದಿಲ್ಲ, ಇವರು ನಿಲ್ಲುತ್ತಾರೆ. ಹೊರಗೆ ಹೋಗಿ ಯಾರಿಗೂ ಹೇಳುವುದೂ ಇಲ್ಲ.

“ಇವರಿಗೆ ಬೇರೆ ಯಾರು ಕೆಲಸ ಕೊಡ್ತಾರೆ ಹೇಳಿ?” ಮಾಲೀಕ ಗಾಜಿನ ಕೋಣೆಯಿಂದ ಬಂದು ಕೂಗಿದ. “ಸೇವೆ ಅಂತ ಮಾಡ್ತಿದ್ದೀನಿ ಮೇಡಂ!”

“ಸೇವೆಗೆ ಹೊರಗಿನಿಂದ ಬೀಗ ಯಾಕೆ?” ಎಂದು ಕೇಳಿ ಇನ್ಸ್‌ಪೆಕ್ಟರ್ ಅವನನ್ನು ಪಂಚರ ಮುಂದೆ ನಿಲ್ಲಿಸಿದರು.

ಅಷ್ಟರಲ್ಲಿ ಅಕ್ಕ ಗೋಡೆಯ ಪಕ್ಕದ ಮೇನ್ ಸ್ವಿಚ್ಚನ್ನು ಎರಡೂ ಕೈಯಿಂದ ಹಿಡಿದು ಕೆಳಗೆ ಎಳೆದಳು. ಯಂತ್ರಗಳು ಒಂದೊಂದಾಗಿ ನಿಂತವು. ನೆಲದ ನಡುಕ ನಿಂತದ್ದು ಕೂತವರಿಗೆ ಅಂಗಾಲಿನಲ್ಲಿ ಗೊತ್ತಾಯಿತು. ಎಲ್ಲರೂ ತಿರುಗಿದರು.

ಎರಡನೇ ಸಾಲಿನ ಕೊನೆಯಲ್ಲಿ ಹುಡುಗಿ ಇದ್ದಳು. ಎಡಗೈಯ ಎರಡು ಬೆರಳಿಗೆ ಎಣ್ಣೆ ಹಿಡಿದ ಬಟ್ಟೆ ಸುತ್ತಿತ್ತು. ಅಕ್ಕನನ್ನು ನೋಡಿದಳು. ಓಡಿ ಬರುತ್ತಾಳೆಂದು ಇನ್ಸ್‌ಪೆಕ್ಟರ್ ಅಂದುಕೊಂಡರು. ಹುಡುಗಿ ಬರಲಿಲ್ಲ. ಅಕ್ಕನ ಪಕ್ಕದಲ್ಲಿ ನಿಂತಿದ್ದ ಇನ್ಸ್‌ಪೆಕ್ಟರನ್ನು ನೋಡಿದಳು, ಮತ್ತೆ ಅಕ್ಕನನ್ನು ನೋಡಿದಳು. ಬಟ್ಟೆ ಸುತ್ತಿದ ಕೈಯನ್ನೂ ಸೇರಿಸಿ ಸರಸರನೆ ಸನ್ನೆಯಲ್ಲಿ ಏನೋ ಹೇಳಿದಳು. ಆಮೇಲೆ ಬೆನ್ನು ತಿರುಗಿಸಿ, ನಿಂತುಹೋದ ಯಂತ್ರದ ಮುಂದೆ ಕೂತುಬಿಟ್ಟಳು.

“ಏನಂದ್ಲು?”

ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು.

“‘ಇಲ್ಲಿದ್ದೀಯ ಅಂದ್ರು. ದಿನಾ ಕಾದೆ. ಬಾಗಿಲು ತೆಗೆದಾಗೆಲ್ಲ ನೋಡಿದೆ. ನೀನು ಇವರ ಕಡೆಯವಳು’ ಅಂದ್ಲು.”

ಸ್ಥಳ ಪಂಚನಾಮೆ ಮುಗಿಯಲು ಎರಡು ಗಂಟೆ ಹಿಡಿಯಿತು. ಅಕ್ಕನೆಂದು ನಟಿಸಿದ್ದ ಅಡುಗೆಯ ಹೆಂಗಸು ಹೆಚ್ಚು ಹಟ ಮಾಡಲಿಲ್ಲ. ಮಾಲೀಕ ಹೇಳಿದ, ಮೇಷ್ಟ್ರು ಕಲಿಸಿಕೊಟ್ಟರು, ನಾನು ನಿಂತೆ, ಅಳು ಅಂದಾಗ ಅತ್ತೆ ಎಂದಳು. ಹುಡುಗಿಗೆ ದಿನಾ ಒಂದು ತುತ್ತು ಜಾಸ್ತಿ ಹಾಕುತ್ತಿದ್ದೆ ಎಂದೂ ಸೇರಿಸಿದಳು, ಅದನ್ನೂ ಬರೆದುಕೊಳ್ಳಿ ಎಂಬಂತೆ.

ಮೇಷ್ಟ್ರನ್ನು ಬಂಧಿಸಲು ರೇಡಿಯೋ ತಾನೇ ಹೋಗುತ್ತೇನೆಂದ. ಬೇಡವೆಂದರೂ ಕೇಳುವ ಹಾಗಿರಲಿಲ್ಲ. ಮೇಷ್ಟ್ರು ಮನೆಯ ಅಂಗಳದಲ್ಲಿ ಒಗೆದ ಬಟ್ಟೆ ಹರಡುತ್ತಿದ್ದರು. ಗೋಡೆಯ ಪಕ್ಕದಲ್ಲಿ ಅವರ ತಮ್ಮ, ಇಪ್ಪತ್ತೈದರ ಯುವಕ, ಸೈಕಲ್ಲಿನ ಚಕ್ರಕ್ಕೆ ಗಾಳಿ ತುಂಬುತ್ತಿದ್ದ. ಅವನ ಬಲಗೈಯ ಹೆಬ್ಬೆರಳು ಅರ್ಧಕ್ಕೇ ಮುಗಿದಿತ್ತು. ಹಿಂದಿನಿಂದ ಜೀಪು ಬಂದು ನಿಂತದ್ದು ಅವನಿಗೆ ತಿಳಿಯಲಿಲ್ಲ.

ಮೇಷ್ಟ್ರು ರೇಡಿಯೋನ ಮುಖ ನೋಡಿದರು. ಕೇಳಲು ಏನೂ ಉಳಿದಿರಲಿಲ್ಲ.

“ತಮ್ಮನ ಎದುರಿಗೆ ಬೇಡ,” ಎಂದರು ಮೆಲ್ಲಗೆ. “ನಾನೇ ಜೀಪಿಗೆ ಬರ್ತೀನಿ.”

“ನಡಿ,” ಎಂದ ರೇಡಿಯೋ. ಅಷ್ಟು ವರ್ಷಗಳಲ್ಲಿ ಅವರನ್ನು ಅವನು ಏಕವಚನದಲ್ಲಿ ಕರೆದದ್ದು ಅದೇ ಮೊದಲು. ದಾರಿಯುದ್ದಕ್ಕೂ ಅವನು ಬಾಯಿ ಬಿಡಲಿಲ್ಲ.

ಗುರುವಾರ ಬೆಳಿಗ್ಗೆ ಸಭೆ ನಡೆಯಿತು. ಮಾಲೀಕ, ಅಡುಗೆಯವಳು, ಮೇಷ್ಟ್ರು ಮೂವರೂ ಹಿಂದಿನ ದಿನದಿಂದಲೇ ಲಾಕಪ್ಪಿನಲ್ಲಿದ್ದರೂ ದೊಡ್ಡ ಸಾಹೇಬರು ಇಲಾಖೆಯ ಸಾಧನೆಯ ಚಿತ್ರಗಳನ್ನು ತೆರೆಯ ಮೇಲೆ ತೋರಿಸಿಯೇ ತೋರಿಸಿದರು, ಪೋಸ್ಟರಿನ ಆ ಒಂದು ಚಿತ್ರ ಬಿಟ್ಟು. ಬಿಡಿಸಿದವರು ಇಷ್ಟು, ಮನೆಗೆ ಸೇರಿಸಿದವರು ಇಷ್ಟು. ಎರಡು ಸಂಖ್ಯೆಗಳೂ ಹತ್ತಿರಹತ್ತಿರ ಇದ್ದವು, ನೋಡಲು ಚೆನ್ನಾಗಿದ್ದವು. ತಂಡದ ಮುಖ್ಯಸ್ಥೆ, ಕನ್ನಡಕದ ಹಿಂದೆ ದಣಿದ ಕಣ್ಣಿನ ಹೆಂಗಸು, ಎಲ್ಲ ಮುಗಿದ ಮೇಲೆ ಒಂದೇ ಪ್ರಶ್ನೆ ಕೇಳಿದರು.

“ಮನೆಗೆ ಸೇರಿಸಿದ ಮೇಲೆ ಹೋಗಿ ನೋಡಿದವರು ಯಾರು?”

ಇನ್ಸ್‌ಪೆಕ್ಟರ್ ಎದ್ದು ನಿಂತರು.

“ಯಾರೂ ಹೋಗಿಲ್ಲ ಮೇಡಂ. ಹೋಗಬೇಕು ಅಂತ ಯಾರೂ ಹೇಳಿಲ್ಲ, ನಮಗೂ ಹೊಳೀಲಿಲ್ಲ. ಒಬ್ಬ ಹುಡುಗಿನ ನಾವೇ ಬಿಡಿಸಿ, ನಾವೇ ಮತ್ತೆ ಮಾರಾಟಗಾರರ ಕೈಗೆ ಕೊಟ್ಟಿದ್ದೀವಿ. ಅದು ಗೊತ್ತಾಗಿದ್ದು ಅವಳ ಅಕ್ಕ ಬಂದಿದ್ದಕ್ಕೆ.” ಅವರು ನಡೆದದ್ದನ್ನೆಲ್ಲ ಹೇಳಿದರು, ಓಲೆಯ ವಿಷಯವನ್ನೂ ಬಿಡದೆ. ಸಾಹೇಬರು ಮೇಜಿನ ಮೇಲಿನ ನೀರಿನ ಬಾಟಲಿಯನ್ನೇ ದಿಟ್ಟಿಸುತ್ತಿದ್ದರು.

“ಉಳಿದವರು?” ಮುಖ್ಯಸ್ಥೆ ಕೇಳಿದರು. “ಅವರೆಲ್ಲ ಮನೆಯಲ್ಲೇ ಇದ್ದಾರಾ?”

“ಗೊತ್ತಿಲ್ಲ.”

ಮುಖ್ಯಸ್ಥೆ ಪೆನ್ನು ಹಿಡಿದು ಸ್ವಲ್ಪ ಹೊತ್ತು ತಮ್ಮ ಮುಂದಿನ ಕಾಗದಗಳನ್ನು ಮಗುಚಿ ನೋಡಿದರು. “ನಮ್ಮ ನಮೂನೆಯಲ್ಲಿ ಇದನ್ನ ಬರೆಯೋಕೆ ಜಾಗವೇ ಇಲ್ಲ,” ಎಂದರು. ಯಾರನ್ನೂ ಬೈಯುವ ದನಿಯಲ್ಲಿ ಹೇಳಲಿಲ್ಲ. ಅವರಿಗೇ ನಾಚಿಕೆಯಾದಂತಿತ್ತು. ಕೊನೆಗೆ ಹಾಳೆಯ ಹಿಂಬದಿಯಲ್ಲಿ ಬರೆದುಕೊಂಡರು.

ಮೇಷ್ಟ್ರು ಸಂಜೆ ಐದಕ್ಕೆ ಬಾಯಿಬಿಟ್ಟರು. ವಿಚಾರಣಾ ಕೋಣೆಯಲ್ಲಿ ಮೇಜಿನ ಈಚೆ ಇನ್ಸ್‌ಪೆಕ್ಟರ್, ಹೇಳಿಕೆ ಬರೆದುಕೊಳ್ಳಲು ರೇಡಿಯೋ.

“ಕಿವಿ ಕೇಳದ ನನ್ನ ತಮ್ಮನನ್ನ ಆ ಕಾರ್ಖಾನೆಗೆ ಸೇರಿಸಿದ್ದು ನಾನೇ. ಒಳ್ಳೆ ಕೆಲಸ ಅಂದ್ಕೊಂಡೆ. ಸೇರಿದ ಮೇಲೆ ಮನೆಗೆ ಬಿಡ್ಲಿಲ್ಲ. ನೋಡೋಕೆ ಹೋದ್ರೆ ಗೇಟಿನ ಹೊರಗೇ ನಿಲ್ಲಿಸೋರು. ಬೆರಳು ಹೋಯ್ತು ಅಂತಾನೂ ಹೇಳ್ಲಿಲ್ಲ. ‘ಇವನ ಜಾಗದಲ್ಲಿ ಇನ್ನೊಬ್ಬರನ್ನ ಕೂರಿಸು, ಇವನನ್ನ ಕರ್ಕೊಂಡು ಹೋಗು’ ಅಂದ ಮಾಲೀಕ.”

“ವಾರಕ್ಕೆ ಎರಡು ಸಲ ಈ ಠಾಣೆಗೆ ಬರ್ತಿದ್ರಿ. ಒಂದು ಮಾತು ನನಗೆ ಹೇಳಬಹುದಿತ್ತಲ್ಲ?”

“ಹೇಳಿದ್ರೆ ಬಿಡಿಸ್ತಿದ್ರಿ. ಆಮೇಲೆ?” ಮೇಷ್ಟ್ರು ತಲೆಯೆತ್ತಿದರು. “ನಿಮ್ಮ ಎಲ್ಲಾ ಕೋಣೆಗಳಲ್ಲೂ ನಾನು ಕೂತಿದ್ದೀನಿ ಮೇಡಂ. ಬಿಡಿಸಿದವರಿಗೆ ಏನಾಗುತ್ತೆ ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನೀವೆಲ್ಲ ನನ್ನ ಬಾಯಿ ನೋಡ್ತಿದ್ರಿ. ಒಬ್ಬರೂ ಅವರ ಮುಖ ನೋಡ್ತಿರ್ಲಿಲ್ಲ. ಸುಳ್ಳು ಹೇಳೋಕೆ ನಾನು ಕಷ್ಟವೇ ಪಡಲಿಲ್ಲ.”

ಅದು ನಿಜವಾಗಿತ್ತು. ನಿಜವಾದ್ದರಿಂದ ಇನ್ಸ್‌ಪೆಕ್ಟರಿಗೆ ಇನ್ನೂ ಉರಿಯಿತು.

“ನಾವು ನೋಡ್ಲಿಲ್ಲ, ಸರಿ. ನೀವು ನೋಡಿದ್ರಲ್ಲ. ಅವಳು ಹೇಳಿದ್ದು ನಿಮಗೊಬ್ಬರಿಗೇ ಅರ್ಥ ಆಗಿದ್ದು.”

ರೇಡಿಯೋನ ಪೆನ್ನು ನಿಂತಿತ್ತು.

“ಅವಳನ್ನ ಯಾರೂ ಹುಡುಕಲ್ಲ ಅಂದ್ಕೊಂಡೆ,” ಎಂದರು ಮೇಷ್ಟ್ರು. “ನನ್ನ ತಮ್ಮನಿಗೆ ನಾನಿದ್ದೆ.”

ರೇಡಿಯೋ ಬರೆದುಕೊಂಡ. ಇನ್ಸ್‌ಪೆಕ್ಟರ್ ಏಳಲು ಕುರ್ಚಿ ಹಿಂದಕ್ಕೆ ಸರಿಸಿದರು. ಆಗ ಮೇಷ್ಟ್ರು ಕೇಳಿದರು.

“ಹುಡುಗಿ ಹೇಳಿಕೆ ಕೊಟ್ಟಳಾ? ನನ್ನ ಬಗ್ಗೆ ಏನಂದ್ಲು?”

“ಏನೂ ಅನ್ನಲಿಲ್ಲ. ಬೆಳಿಗ್ಗೆ ಬೇರೆ ಜಿಲ್ಲೆಯಿಂದ ಸನ್ನೆಯವರನ್ನ ಆಸ್ಪತ್ರೆಗೆ ಕರೆಸಿದ್ವಿ. ಅವರು ಕೈ ಎತ್ತಿದ ಕೂಡಲೇ ಕಣ್ಣು ಮುಚ್ಚಿಕೊಂಡಳು.”

ಮೇಷ್ಟ್ರ ಮುಖದಲ್ಲಿ ಹಳೆಯ ಪಾಠದ ಕೋಣೆಯ ನಗು ಸಣ್ಣಗೆ ಸುಳಿಯಿತು. “ಮಕ್ಕಳು ಹಾಗೇ. ಕೋಪ ಬಂದ್ರೆ ಕಣ್ಣು ಮುಚ್ಚಿಬಿಡ್ತಾರೆ, ನಾವು ಏನು ಹೇಳಿದ್ರೂ ಅವರಿಗೆ ಬೇಡ. ಕ್ಲಾಸಲ್ಲಿ ದಿನಾ ನೋಡ್ತೀನಿ. ಒಂದು ನಿಮಿಷ, ಅಷ್ಟೇ. ಆಮೇಲೆ ಒಂದೇ ಒಂದು ಕಣ್ಣು ತೆಗೆದು ನೋಡ್ತಾರೆ.”

“ಇನ್ನೂ ತೆಗೆದಿಲ್ಲ,” ಎಂದರು ಇನ್ಸ್‌ಪೆಕ್ಟರ್. “ನರ್ಸ್ ತಟ್ಟೆ ಕೈಗೆ ಕೊಟ್ರೆ ತಡವಿಕೊಂಡು ಊಟ ಮಾಡ್ತಾಳೆ. ಕಣ್ಣು ಮಾತ್ರ ತೆಗೆಯಲ್ಲ. ಅಕ್ಕ ಬೆಳಿಗ್ಗೆಯಿಂದ ಮಂಚದ ಪಕ್ಕದಲ್ಲೇ ಕೂತಿದ್ದಾಳೆ. ಅವಳನ್ನೂ ನೋಡ್ತಿಲ್ಲ.”

ಮೇಷ್ಟ್ರ ನಗು ಹೋಯಿತು. ಮಡಿಲಲ್ಲಿದ್ದ ಅವರ ಕೈಗಳು ತಾವಾಗಿಯೇ ಎದ್ದು, ಗಾಳಿಯಲ್ಲಿ ಏನೋ ಹೇಳಲು ಹೊರಟು, ಅರ್ಧಕ್ಕೇ ನಿಂತವು. ಅವರು ಒಂದು ಕೈಯನ್ನು ಇನ್ನೊಂದರಿಂದ ಒತ್ತಿ ಹಿಡಿದು ಕೂತರು. ಆಮೇಲೆ ತಲೆ ಬಗ್ಗಿಸಿ ಸದ್ದಿಲ್ಲದೆ ಅಳತೊಡಗಿದರು.

ಅವರ ಕೈ ಏನು ಹೇಳಲು ಹೊರಟಿತ್ತೆಂದು ಇನ್ಸ್‌ಪೆಕ್ಟರ್ ಕೇಳಲಿಲ್ಲ. ಕೇಳಿದರೂ ಅವರು ಹೇಳುವುದನ್ನು ನಂಬುವವರು ಆ ಕೋಣೆಯಲ್ಲಿ ಯಾರೂ ಇರಲಿಲ್ಲ. ರೇಡಿಯೋ ಹೇಳಿಕೆಯ ಹಾಳೆಯನ್ನು ಅವರ ಮುಂದೆ ಸರಿಸಿ, ಸಹಿ ಮಾಡಬೇಕಾದ ಜಾಗಕ್ಕೆ ಬೆರಳಿಟ್ಟು ತೋರಿಸಿದ.